ಹದಿನಾಲ್ಕನೇ ನಂಬರಿನ ಕಾಲು

ಜನವರಿ ೯, ಶುಕ್ರವಾರ

ಆಸ್ಪತ್ರೆಯವರು ಒಂದು ನೋಟ್‌ಬುಕ್ ಕೊಟ್ಟಿದ್ದಾರೆ. ದಿನಾ ಸಕ್ಕರೆ ಎಷ್ಟಿತ್ತು, ಪಾದ ನೋಡಿಕೊಂಡೆನೇ, ಗಾಯವೇನಾದರೂ ಇದೆಯೇ, ಎಲ್ಲವನ್ನೂ ಅದರಲ್ಲಿ ಬರೆಯಬೇಕಂತೆ. ಬರೆಯುತ್ತಿದ್ದೇನೆ. ಅದರಲ್ಲಿ ಬರೆಯುವುದು ಮುಕ್ಕಾಲು ಪಾಲು ಸುಳ್ಳಾದ್ದರಿಂದ ನಿಜವನ್ನು ಇಡುವುದಕ್ಕೆ ಇನ್ನೊಂದು ಪುಸ್ತಕ ಬೇಕಾಯಿತು. ಅದೇ ಇದು.

ಪುಸ್ತಕ ಯಾವುದೇ ಆಗಲಿ, ಮೊದಲ ಪುಟದಲ್ಲಿ ಹೆಸರು ಬರೆಯುವುದು ಶಾಲೆಯಿಂದ ಬಂದ ಚಾಳಿ. ಔಲಿಸ್ ಕಾರ್ಪೇಲಾ, ವಯಸ್ಸು ಅರವತ್ತೇಳು, ಊರು ಕುವೊಪಿಯೊ, ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. 'ಕೂಡಿಸುತ್ತಿದ್ದವನು' ಎಂದು ಬರೆಯಬೇಕಿತ್ತೇನೋ. ಬರೆಯುವುದಿಲ್ಲ.

ಮೊನ್ನೆ ಬುಧವಾರ ಪರೀಕ್ಷೆಗೆ ಹೋಗಿದ್ದೆ. ಸಕ್ಕರೆ ಕಾಯಿಲೆ ತಿಂದುಹಾಕಿದ ನರಗಳು ಒಂದು ಹೊಸ ಮಾತ್ರೆಯಿಂದ ಮತ್ತೆ ಚಿಗುರುತ್ತವೆಯೇ ಎಂದು ಡಾಕ್ಟರ್ ನೂರ್ಮಿಯೊ ಸಂಶೋಧನೆ ಮಾಡುತ್ತಿದ್ದಾರೆ. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ನಾನು ಹದಿನಾಲ್ಕು. ಕಣ್ಣು ಮುಚ್ಚಿಸಿ, ಉಕ್ಕಿನ ಶ್ರುತಿಕವೆಯೊಂದನ್ನು, ಎರಡು ಕವಲಿನ ಟ್ಯೂನಿಂಗ್ ಫೋರ್ಕನ್ನು, ಬಡಿದು ಕಾಲಿನ ಹೆಬ್ಬೆರಳ ಮೇಲೆ ಊರುತ್ತಾರೆ. ಅದರ ನಡುಕ ನಿಂತ ಕೂಡಲೇ 'ನಿಂತಿತು' ಎನ್ನಬೇಕು. ನನ್ನ ಬೆರಳುಗಳಿಗೆ ನಡುಕವೂ ಗೊತ್ತಾಗುವುದಿಲ್ಲ, ನೆಲವೂ ಗೊತ್ತಾಗುವುದಿಲ್ಲ. ಆದರೆ ಕಿವಿ ಇದೆಯಲ್ಲ! ನಲವತ್ತೊಂದು ವರ್ಷ ತಂತಿಗಳ ನಡುಕ ಕೇಳಿಯೇ ರೊಟ್ಟಿ ದುಡಿದ ಕಿವಿ. ಕವೆ ಹಾಡುವಷ್ಟು ಹೊತ್ತು ಸುಮ್ಮನಿದ್ದು, ಹಾಡು ಮುಗಿದಾಗ "ನಿಂತಿತು" ಎಂದೆ.

"ಹನ್ನೊಂದು ಸೆಕೆಂಡು!" ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಹೋದ್ಸಲ ಒಂಬತ್ತಿತ್ತು. ಹದಿನಾಲ್ಕು, ನೀವು ಚಿಗುರ್ತಾ ಇದ್ದೀರಿ!"

ಅವರ ಕವೆ ನಮ್ಮ ಪಿಯಾನೊಗಳ ಶ್ರುತಿಗಿಂತ ಸ್ವಲ್ಪ ಕೆಳಗಿದೆ ಎಂದು ಹೇಳಲು ನಾಲಿಗೆ ತುರಿಸಿತು. ಹೇಳಿದ್ದರೆ ಕಳ್ಳತನ ಅಲ್ಲೇ ಬಯಲಾಗುತ್ತಿತ್ತು.

ಕಾಲು ಸತ್ತಿದೆ ಎಂದು ಒಪ್ಪಿಕೊಂಡರೆ ಆಮೇಲೆ ಕೈ ತೋರಿಸಿ ಎನ್ನುತ್ತಾರೆ. ಕೈಯ ವಿಷಯ ಬೇಡ.

ಜನವರಿ ೧೦, ಶನಿವಾರ

ನಮ್ಮ ಕಟ್ಟಡದ ಸೌನಾದ ಹಬೆಕೋಣೆ ಶನಿವಾರ ಆರರಿಂದ ಏಳರವರೆಗೆ ನಮ್ಮದು. ಮೂವತ್ತೊಂಬತ್ತು ವರ್ಷದಿಂದ ನಾನು, ಹೆಂಡತಿ ಟೆಲ್ಲೆರ್ವೊ ಇಬ್ಬರೂ ಒಟ್ಟಿಗೇ ಕೂತು ಬೆವರಿದ್ದೇವೆ. ಇವತ್ತು "ನೀನು ಅರ್ಧ ಗಂಟೆ ಬಿಟ್ಟು ಬಾ, ನನಗೆ ಜಾಸ್ತಿ ಬಿಸಿ ಬೇಕು" ಎಂದು ಅವಳನ್ನು ಹೊರಗೆ ನಿಲ್ಲಿಸಿ ಒಬ್ಬನೇ ಹೋದೆ.

ಎಡಗಾಲಿನ ಮಹಾಶಯನನ್ನು ಒಲೆಯ ಕಟಕಟೆಯಾಚೆ ಕೂರಿಸಿದೆ. ಪರೀಕ್ಷೆ ಎಂದರೆ ಇದು, ಡಾಕ್ಟರದ್ದು ಮಕ್ಕಳಾಟ. ಅವನು ತುಟಿ ಪಿಟಕ್ಕೆನ್ನಲಿಲ್ಲ. ಎಷ್ಟು ಕೊಬ್ಬು! ಕೂತು ತಿನ್ನುವವನಿಗೆ ಇದೇ ಶಾಸ್ತಿ ಎಂದು ಬೈದು, ಟೆಲ್ಲೆರ್ವೊ ಬರುವ ಮುಂಚೆ ಅವನಿಗೆ ಸಾಕ್ಸ್ ತೊಡಿಸಿದೆ.

ಜನವರಿ ೧೪

ಗುಳ್ಳೆ. ದೊಡ್ಡದೇನಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ: 'ಪಾದ ನೋಡಿಕೊಂಡೆ. ಗಾಯ ಇಲ್ಲ.'

ಜನವರಿ ೨೪, ಶನಿವಾರ

ಈ ಸಲವೂ ಒಬ್ಬನೇ ಹೊರಟೆ. ಟೆಲ್ಲೆರ್ವೊ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಮೂವತ್ತೊಂಬತ್ತು ವರ್ಷದಿಂದ ನೋಡಿರೋ ಅಂಡು ಮಾರಾಯಾ. ಈಗೇನು ಸರ್ಕಾರಿ ಗುಟ್ಟಾಗೋಯ್ತಾ?"

"ಒಬ್ನೇ ಕೂತ್ರೆ ಶಾಂತಿ ಇರತ್ತೆ ಅಂತ."

"ನಾನು ವಾರಕ್ಕೆ ಆಡೋದೇ ನಾಕು ಮಾತು. ಅದ್ರಲ್ಲಿ ಎರಡು 'ಕಾಫಿ ಆಯ್ತು.' ಯಾವ ಶಾಂತಿ ಹಾಳಾಯ್ತಪ್ಪಾ ನಿಂದು?"

ಕೊನೆಗೆ ದಾರಿ ಬಿಟ್ಟಳು, ಆದರೆ ಬಿಟ್ಟ ರೀತಿ ಸರಿಯಿರಲಿಲ್ಲ. ಒಳಗೆ ಹೋಗಿ ಮಹಾಶಯನಿಗೆ ಮತ್ತೆ ಪರೀಕ್ಷೆ ಮಾಡಿದೆ. ಅದೇ ಫಲಿತಾಂಶ. ಗುಳ್ಳೆಯಿದ್ದ ಜಾಗ ಒಡೆದಿದೆ. ಬುಧವಾರ ಆಸ್ಪತ್ರೆಯಲ್ಲಿ ನೋಡೇ ನೋಡುತ್ತಾರೆ. ಬೂಟು ಕಚ್ಚಿತು ಎಂದರಾಯಿತು.

ಜನವರಿ ೨೮, ಬುಧವಾರ

ಇವತ್ತಿನದನ್ನು ಬರೆಯುವುದಕ್ಕೆ ಕೂತರೆ ನಗು ಬರುತ್ತದೆ. ಬರೆಯುತ್ತೇನೆ.

ಆಸ್ಪತ್ರೆಯ ಆ ಓಣಿಯಲ್ಲಿ ಎದುರುಬದುರು ಎರಡು ಬಾಗಿಲು. ಕಾಯುವ ಜನ ಎಂದಿನಂತೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದೊಂದು ಕುರ್ಚಿ ಖಾಲಿ ಬಿಟ್ಟು, ಸ್ಮಶಾನದಲ್ಲಿ ಕೂತ ಹಾಗೆ ಕೂತಿದ್ದರು. ನಾನು ಹಳೆಯ ಪತ್ರಿಕೆಯೊಂದರಲ್ಲಿ ಹಿಮದ ಮೇಲೆ ಮೀನು ಹಿಡಿಯುವುದರ ಬಗ್ಗೆ ಓದುತ್ತಿದ್ದೆ. "ಹದಿನಾಲ್ಕು" ಎಂದು ಕೂಗಿದರು. ಎದ್ದು, ತೆರೆದಿದ್ದ ಬಾಗಿಲಿನೊಳಗೆ ಹೋಗಿ ಕೂತೆ. ಡಾಕ್ಟರ್ ನೂರ್ಮಿಯೊ ರಜೆಯಲ್ಲಿದ್ದಾರೆಂದು ಗೊತ್ತಿತ್ತು, ಹಾಗಾಗಿ ಹೊಸ ಮುಖ ನೋಡಿ ಆಶ್ಚರ್ಯವಾಗಲಿಲ್ಲ. ಬೂದು ಸ್ವೆಟರಿನ ಹೆಂಗಸು, ಐವತ್ತರ ಆಚೀಚೆ. ನನ್ನನ್ನು ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ನಾನು ಹಿಲ್ಕಾ. ಕೂತ್ಕೊಳ್ಳಿ. ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು, ಕಾರಣ ಕೇಳಲ್ಲ."

ನಾನು ಬೂಟಿನ ದಾರ ಬಿಚ್ಚತೊಡಗಿದೆ.

"ಬೂಟು ಇರ್ಲಿ ಬಿಡಿ," ಎಂದಳು.

ನಿದ್ದೆ ಹೇಗಿದೆ ಎಂದು ಕೇಳಿದಳು. ಹೇಳಿದೆ. ಊಟ ಸೇರುತ್ತದೆಯೇ ಎಂದಳು. ಅದನ್ನೂ ಹೇಳಿದೆ. ಮೂರನೆಯದಾಗಿ, "ಕಳೆದ ಒಂದು ವರ್ಷದಲ್ಲಿ ಬೇಕಂತಲೇ ನಿಮ್ಮ ಮೈಗೆ ನೀವೇ ನೋವು ಮಾಡ್ಕೊಂಡಿದ್ದೀರಾ?" ಎಂದಳು.

ಆಗ ತಲೆಗೆ ಹೋಯಿತು. ಇದು ನರದ ಕೋಣೆಯಲ್ಲ. ತಮ್ಮ ಮೈಗೆ ತಾವೇ ಹಾನಿ ಮಾಡಿಕೊಳ್ಳುವ ಜನರ ಬಗ್ಗೆ ಇನ್ನೊಂದು ಸಂಶೋಧನೆ ನಡೆಯುತ್ತಿದೆಯಲ್ಲ, ಆ ಕೋಣೆ. ಅಲ್ಲೂ ಒಬ್ಬರು ಹದಿನಾಲ್ಕನೇ ನಂಬರಿನವರಿದ್ದಾರೆ.

ಎದ್ದು "ತಪ್ಪು ಬಾಗಿಲು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹುಟ್ಟಿದ ನೆಲದ ಗುಣ ಎಲ್ಲಿ ಹೋಗುತ್ತದೆ? ನಮ್ಮ ಚಿಕ್ಕಪ್ಪ ಒಮ್ಮೆ ಯಾರದೋ ಶವಸಂಸ್ಕಾರಕ್ಕೆ ತಪ್ಪಿ ಹೋಗಿ, ನಡುವೆ ಎದ್ದರೆ ತೊಂದರೆಯಾದೀತೆಂದು ಗುರುತೇ ಇಲ್ಲದವನ ಪೆಟ್ಟಿಗೆಗೆ ಹೆಗಲು ಕೊಟ್ಟು, ಕಾಫಿ ಕುಡಿದು, ಎರಡು ಹನಿ ಕಣ್ಣೀರನ್ನೂ ಹಾಕಿ ಬಂದವರು. ನಾನೂ ಅದೇ ವಂಶ. ಕೂತೇ ಇದ್ದೆ.

"ಇಲ್ಲ," ಎಂದೆ.

ಬರೆದುಕೊಂಡಳು. ಇಲ್ಲ ಎಂದ ಮೇಲೂ ಕಾರಣಗಳ ಪಟ್ಟಿ ಓದಿದಳು, ಅದು ನಿಯಮವಂತೆ. ಸಿಟ್ಟು ಇಳಿಸಿಕೊಳ್ಳುವುದಕ್ಕೆ? ತನಗೆ ತಾನೇ ಶಿಕ್ಷೆ ಕೊಡುವುದಕ್ಕೆ? ಏನಾದರೂ ಗೊತ್ತಾಗಲಿ ಎಂದು?

ಕೊನೆಯದಕ್ಕೆ "ಹಾಗಿರ್ಬಹುದು" ಎಂದೆ. ಪಾಪ, ಅಷ್ಟೊಂದು ಪ್ರಶ್ನೆ ಬರೆದುಕೊಂಡು ಬಂದಿದ್ದಾಳೆ, ಎಲ್ಲದಕ್ಕೂ ಇಲ್ಲ ಎಂದರೆ ಏನು ಚೆನ್ನ? ಮರ್ಯಾದೆಗೆ ಒಂದು ಹೌದು.

ಆಮೇಲೆ ಅವಳೇನೂ ಕೇಳಲಿಲ್ಲ. ಸುಮ್ಮನೆ ಕೂತಳು. ಯಾರಾದರೂ ಸುಮ್ಮನೆ ಕೂತರೆ ನನಗೆ ಅಭ್ಯಾಸವೇ, ಆದರೆ ಅವಳ ಸುಮ್ಮನೆ ಬೇರೆ ಥರದ್ದು. ಅಕ್ಟೋಬರ್ ತಿಂಗಳಿನದನ್ನು ಹೇಳಿಬಿಟ್ಟೆ. ಸಂಗೀತ ಶಾಲೆಯ ದೊಡ್ಡ ಪಿಯಾನೊ, ಇಪ್ಪತ್ತಾರು ವರ್ಷದಿಂದ ನನ್ನದೇ ಕೈ. ತಂತಿ ಬಿಗಿಯುವ ಮೊಳೆ ತಿರುಗಿಸುವ ಸನ್ನೆಕೋಲು ಕೈಗೆ ಗೊತ್ತಾಗಲಿಲ್ಲ. ಕಿವಿ ಸಾಕು ಎನ್ನುತ್ತದೆ, ಕೈಗೆ ಎಷ್ಟು ತಿರುಗಿತೆಂದೇ ತಿಳಿಯುವುದಿಲ್ಲ. ಮೂರು ತಂತಿ ಕಡಿದವು. ನಾಲ್ಕನೆಯದು ಕಡಿದಾಗ ಪಿಯಾನೊ ಟೀಚರು ಬಂದು "ಔಲಿಸ್, ಇವತ್ತಿಗೆ ಬಿಡೋಣ" ಎಂದಳು. ಬಿಟ್ಟದ್ದು ಬಿಟ್ಟೇಹೋಯಿತು. ಟೆಲ್ಲೆರ್ವೊಗೆ ನಿವೃತ್ತಿಯಾದೆ ಎಂದಿದ್ದೇನೆ. ಅವಳು ಕೇಕ್ ಮಾಡಿದಳು, ಸಕ್ಕರೆಯಿಲ್ಲದ್ದು.

ಹೊರಗೆ ಬಂದಾಗ ನಲವತ್ತು ನಿಮಿಷ ಕಳೆದಿತ್ತು. ಹಿಲ್ಕಾ ಫೋನ್ ನಂಬರಿರುವ ಚೀಟಿ ಕೊಟ್ಟಳು, ಎಲ್ಲರಿಗೂ ಕೊಡುತ್ತಾರಂತೆ. ಈ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ. ಗಟ್ಟಿ ಕಾಗದ, ಚೆನ್ನಾಗಿದೆ.

ಬಸ್ ಸ್ಟಾಪಿನಲ್ಲಿ ಮೈನಸ್ ಹತ್ತೊಂಬತ್ತು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ, ಕುತ್ತಿಗೆಗೆ ದೊಡ್ಡ ಹೆಡ್‌ಫೋನು ನೇತುಹಾಕಿಕೊಂಡು ನಿಂತಿದ್ದಳು. ನನ್ನಿಂದ ಎರಡು ಮೀಟರು ದೂರ, ಸರಿಯಾಗಿ. ಐದು ನಿಮಿಷ ಕಳೆದ ಮೇಲೆ ಕೆರೆಯ ಕಡೆ ನೋಡುತ್ತಲೇ ಮಾತಾಡಿದಳು.

"ನೀವು ನನ್ನ ಕೋಣೆಗೆ ಹೋದ್ರಿ."

"ಹೌದಾ? ಹೇಳ್ಬಾರ್ದಿತ್ತಾ?"

"ಅಷ್ಟು ಗಂಭೀರವಾಗಿ ಎದ್ದು ಹೋದ್ರಿ, ತಡೆಯೋದು ಹೇಗೆ? ಆಮೇಲೆ ಎದುರು ಬಾಗ್ಲಿಂದ ಹದಿನಾಲ್ಕು ಅಂದ್ರು. ನಾನು ಹೋದೆ."

"ನೀನು ಯಾಕೆ ಹೋದೆ?"

"ಹದಿನಾಲ್ಕು ಅಂದ್ರಲ್ಲ!"

ಅವಳೂ ನಮ್ಮೂರಿನವಳೇ, ಸಂಶಯವಿಲ್ಲ. ಒಳಗೆ ಬದಲಿ ನರ್ಸು ಸಾಕ್ಸ್ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಮೊದಲು ಕವೆ ಊರಿ, ಆಮೇಲೆ ನೂಲಿನ ತುದಿಯಿಂದ ಪಾದ ಮುಟ್ಟಿದಳಂತೆ. ಪ್ರತಿಸಲವೂ ಗೊತ್ತಾಯಿತಂತೆ. ಇಪ್ಪತ್ತಕ್ಕೆ ಇಪ್ಪತ್ತು.

"ನನ್ನ ಮೈ ಇಷ್ಟು ಚುರುಕಾಗಿದೆ ಅಂತ ಗೊತ್ತೇ ಇರ್ಲಿಲ್ಲ," ಎಂದು ತನ್ನ ಬೂಟು ನೋಡಿಕೊಂಡಳು. "ಆ ನರ್ಸು 'ಎಂಥಾ ಒಳ್ಳೇ ಪಾದ' ಅಂದ್ಲು. ನನ್ನ ಮೈಯ ಯಾವ ಭಾಗಕ್ಕೂ ಇದುವರೆಗೆ ಯಾರೂ ಒಳ್ಳೇದು ಅಂದಿರ್ಲಿಲ್ಲ. ನಾನಂತೂ ಅಂದೇ ಇಲ್ಲ."

ಹೆಸರು ವಿಲ್ಯಾ ಎಂದಳು, ನನ್ನದನ್ನೂ ಹೇಳಿದೆ. ಅಂಥದ್ದನ್ನು ಮಾಡಿಕೊಳ್ಳದೆ ಹನ್ನೊಂದು ವಾರವಾಯಿತಂತೆ. ಯಾವುದನ್ನು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಹೇಗೆ ನಿಲ್ಸಿದೆ?"

"ಒಬ್ರಿಗೆ ಹೇಳ್ದೆ. ಅಷ್ಟೆ. ಹೇಳೋವರೆಗೂ ಏನೇನೋ ಉಪಾಯ ಮಾಡಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಗೆ ಆ ಕವೆಯ ನಡುಕ ಗೊತ್ತಾಗತ್ತಾ?" ಎಂದಳು.

"ಗೊತ್ತಾಗತ್ತೆ. ಹನ್ನೊಂದು ಸೆಕೆಂಡು."

"ನಿಮ್ ಕೆಲ್ಸ ಏನು?"

"ಪಿಯಾನೊ ಶ್ರುತಿ."

ಬಸ್ಸು ಬರುವವರೆಗೂ ನಕ್ಕಳು. ಹತ್ತುವಾಗ ಹಿಂದೆ ತಿರುಗಿ "ಕಳ್ಳ!" ಎಂದಳು. ಇಂಥ ಮಕ್ಕಳು ಯಾಕೆ ತಮ್ಮ ಮೈಗೆ ತಾವೇ ಶತ್ರುಗಳಾಗುತ್ತಾರೋ, ನನಗೆ ಅರ್ಥವಾಗುವುದಿಲ್ಲ.

ಈ ಗೊಂದಲದಲ್ಲಿ ಇವತ್ತು ಮಹಾಶಯನನ್ನು ಯಾರೂ ನೋಡಲಿಲ್ಲ. ಇನ್ನು ಮೂರು ವಾರ ನೋಡುವವರಿಲ್ಲ. ಒಳ್ಳೆಯದೇ ಆಯಿತು.

ಜನವರಿ ೩೧, ಶನಿವಾರ

ಶೀತ ಎಂದು ಸೌನಾಕ್ಕೆ ಹೋಗಲೇ ಇಲ್ಲ. ಟೆಲ್ಲೆರ್ವೊ ಒಬ್ಬಳೇ ಹೋಗಿ ಹತ್ತೇ ನಿಮಿಷದಲ್ಲಿ ವಾಪಸು ಬಂದಳು. "ಒಬ್ಳೇ ಬೇಯೋದಕ್ಕೆ ನಾನೇನು ಆಲೂಗಡ್ಡೆನಾ?" ಎಂದಳು. ಎಂದಿನಂತೆ ನಗಲಿಲ್ಲ.

ಫೆಬ್ರವರಿ ೩

ಔಷಧದ ಡಬ್ಬಿಯಲ್ಲಿ ಪಟ್ಟಿ ಬಟ್ಟೆ ಖಾಲಿ. "ಇಲಿ ತಿಂತಾ?" ಎಂದು ಕೇಳಿದಳು. ಇರಬಹುದು ಎಂದೆ.

ಫೆಬ್ರವರಿ ೬, ಶುಕ್ರವಾರ

ಡಾಕ್ಟರ್ ನೂರ್ಮಿಯೊ ಅವರಿಂದ ಪತ್ರ. ಲಕೋಟೆಯ ಮೇಲಿನ ವಿಳಾಸ ಕಚೇರಿಯವರು ಬರೆದದ್ದು, ಒಳಗೆ ನಂಬರು ಮಾತ್ರ. ರಜೆ ಮುಗಿಸಿ ಬಂದು ಹದಿನಾಲ್ಕನೇ ನಂಬರಿನ ಫಲಿತಾಂಶ ನೋಡಿದರಂತೆ. ಎರಡೂ ಪಾದ, ಇಪ್ಪತ್ತಕ್ಕೆ ಇಪ್ಪತ್ತು! ಇಂಥ ಚೇತರಿಕೆ ತಮ್ಮ ಇಪ್ಪತ್ತು ವರ್ಷದ ಅನುಭವದಲ್ಲೇ ಕಂಡಿಲ್ಲವಂತೆ. ಹದಿನೆಂಟನೇ ತಾರೀಖು ಹೆಲ್ಸಿಂಕಿಯಿಂದ ಇಬ್ಬರು ಡಾಕ್ಟರು ಬರುತ್ತಾರಂತೆ, ಹದಿನಾಲ್ಕನೇ ನಂಬರಿನ ಕಾಲನ್ನು ಕಣ್ಣಾರೆ ಕಾಣುವುದಕ್ಕೆ. ಆಮೇಲೆ ಈ ಮಾತ್ರೆಯನ್ನು ಇನ್ನೂ ಇನ್ನೂರು ಜನಕ್ಕೆ ಕೊಡುವ ಯೋಜನೆಯಿದೆಯಂತೆ.

ನನ್ನ ಕಿವಿ, ಆ ಹುಡುಗಿಯ ಕಾಲು, ಎರಡೂ ಸೇರಿ ಒಬ್ಬ ಪುಣ್ಯಾತ್ಮನನ್ನು ಸೃಷ್ಟಿ ಮಾಡಿಬಿಟ್ಟಿವೆ.

ಪತ್ರವನ್ನು ಟೆಲ್ಲೆರ್ವೊ ಮೊದಲೇ ಓದಿದ್ದಳು. "ನನ್ನ ಗಂಡನ ಕಾಲು ನೋಡೋಕೆ ಹೆಲ್ಸಿಂಕಿಯಿಂದ ಬರ್ತಾರೆ! ಮದುವೆ ದಿನ ನಮ್ಮಮ್ಮ ನಿನ್ನ ಮುಖ ನೋಡೋಕೂ ಒಪ್ಪಿರ್ಲಿಲ್ಲ." ಕೆಳಗಿನ ಮನೆಯವರಿಗೂ ಹೇಳಿ ಬಂದಿದ್ದಾಳೆ. ಅಕ್ಟೋಬರಿನಿಂದ ಈಚೆಗೆ ಅವಳು ಇಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಫೆಬ್ರವರಿ ೧೪

ಸಾಕ್ಸ್ ಅಂಟಿಕೊಳ್ಳುತ್ತದೆ. ಮೈ ಬೆಚ್ಚಗಿದೆ. ಹಿಲ್ಕಾಳ ಚೀಟಿಯನ್ನು ಈ ಪುಟಕ್ಕೆ ಸರಿಸುವಾಗ ನಂಬರು ಬಾಯಿಪಾಠವಾಗಿಹೋಗಿದೆ ಎಂದು ಗೊತ್ತಾಯಿತು. ಸುಮ್ಮನೆ ಬರೆದಿಡುತ್ತಿದ್ದೇನೆ, ಬೇರೇನಿಲ್ಲ.

ಫೆಬ್ರವರಿ ೧೭, ಮಂಗಳವಾರ

ಈಸ್ಟರಿನ ಉಪವಾಸ ಶುರುವಾಗುವ ಮುಂಚಿನ ಹಬ್ಬ. ಊರಿನ ಮಕ್ಕಳೆಲ್ಲ ಜಾರುಬಂಡಿಯಲ್ಲಿ ಗುಡ್ಡ ಜಾರುತ್ತಿದ್ದಾರೆ. ಟೆಲ್ಲೆರ್ವೊ ಕೆನೆ ತುಂಬಿದ ಬನ್ನು ತಂದಿಟ್ಟು, "ವಾಸಿಯಾದೋರಿಗೆ ವರ್ಷಕ್ಕೊಂದು ಪರವಾಗಿಲ್ಲ" ಎಂದಳು. ಗಂಟಲಲ್ಲಿ ಇಳಿಯಲಿಲ್ಲ. ಕೆನೆಯನ್ನು ಇದುವರೆಗೆ ನಾನು ತಟ್ಟೆಯಲ್ಲಿ ಬಿಟ್ಟದ್ದಿಲ್ಲ. ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ತಟ್ಟೆ ಎತ್ತಿಕೊಂಡು ಹೋದಳು.

ಫೆಬ್ರವರಿ ೧೯, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ವಾರ್ಡಿನ ಮಂಚದ ಮೇಲಿದ್ದೇನೆ, ಕೈಗೆ ನಳಿಗೆ ಚುಚ್ಚಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ.

ನಿನ್ನೆ ಓಣಿಯಲ್ಲಿ ವಿಲ್ಯಾ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ನಡುವೆ ಒಂದೂ ಖಾಲಿ ಬಿಡದೆ! ಕಾಯುತ್ತಿದ್ದ ಜನರೆಲ್ಲ ನೆಲ ನೋಡತೊಡಗಿದರು. ಪತ್ರ ತೋರಿಸಿದೆ.

"ಅಯ್ಯೋ, ನನ್ನ ಕಾಲು ನೋಡೋಕೆ ಹೆಲ್ಸಿಂಕಿಯಿಂದ ಬಂದಿದ್ದಾರೆ!" ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುತ್ತಿದ್ದವಳು ನಿಲ್ಲಿಸಿದಳು. ಮೂಗು ಎತ್ತಿದಳು. "ಔಲಿಸ್, ಆ ವಾಸನೆ... ಅದು ನಿಮ್ ಕಾಲಾ?"

ನಾನು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ನಾನು ಉದ್ದ ತೋಳಿನ ಅಂಗಿ ಹಾಕ್ಕೊಂಡು ನಾಕು ವರ್ಷ ಊರಿಗೆಲ್ಲ ಟೋಪಿ ಹಾಕಿದ್ದೀನಿ," ಎಂದಳು, ಮೆಲ್ಲಗೆ. "ನಿಮ್ದು ಸಾಕ್ಸು. ಅಷ್ಟೇ ವ್ಯತ್ಯಾಸ. ಆ ಇನ್ನೂರು ಜನ ಈ ಮಾತ್ರೆ ನಂಬ್ಕೊಂಡು ಕೂತ್ರೆ ಅವ್ರ ಗತಿ?"

ಕುತ್ತಿಗೆಯಿಂದ ಹೆಡ್‌ಫೋನು ತೆಗೆದು ನನ್ನ ಕುತ್ತಿಗೆಗೆ ಹಾಕಿದಳು. "ಒಳಗೆ ಹೋಗಿ ಇದನ್ನ ಕಿವಿಗೆ ಹಾಕ್ಕೊಳ್ಳಿ. ನಾನೂ ಹಿಲ್ಕಾಗೆ ಹೇಳ್ತೀನಿ. ಒಟ್ಟಿಗೆ ಸಿಕ್ಕಿಹಾಕ್ಕೊಳ್ಳೋಣ."

ಎರಡೂ ಬಾಗಿಲಿನಿಂದ "ಹದಿನಾಲ್ಕು" ಎಂದರು. ಈ ಸಲ ನಮ್ಮ ನಮ್ಮ ಬಾಗಿಲಿಗೆ ಹೋದೆವು.

ಒಳಗೆ ಹೆಲ್ಸಿಂಕಿಯವರು ಟೈ ಕಟ್ಟಿಕೊಂಡು ನಿಂತಿದ್ದರು. "ಇವ್ರೇ ನಮ್ಮ ಹದಿನಾಲ್ಕು!" ಎಂದರು ಡಾಕ್ಟರ್ ನೂರ್ಮಿಯೊ, ಮದುಮಗನ ತಂದೆಯ ಹಾಗೆ. ಬಲಗಾಲಿನಿಂದ ಶುರುಮಾಡೋಣ ಎಂದರು. ನಾನು ಹೆಡ್‌ಫೋನನ್ನು ಕಿವಿಗೇರಿಸಿದೆ.

"ಇದೇನು?"

"ಕಿವಿಗೆ ಚಳಿ," ಎಂದೆ. ಅದು ಕೊನೆಯ ಸುಳ್ಳು.

ಕಣ್ಣು ಮುಚ್ಚಿದೆ. ಹೆಡ್‌ಫೋನಿನೊಳಗೆ ಹಾಡಿರಲಿಲ್ಲ, ನನ್ನದೇ ರಕ್ತದ ಸದ್ದು. ಕವೆ ಬಡಿಯಲಿ ಎಂದು ಕಾದೆ. ಕಾದೆ. ಇಷ್ಟು ಹೊತ್ತು ಏನು ಮಾಡುತ್ತಿದ್ದಾರೆ, ಕಾಫಿಗೆ ಹೋದರೇ ಎಂದುಕೊಂಡೆ. ಯಾರೋ ಹೆಡ್‌ಫೋನು ಸರಿಸಿದರು. ಕಣ್ಣು ಬಿಟ್ಟೆ. ಡಾಕ್ಟರ್ ನೂರ್ಮಿಯೊ ನನ್ನ ಕಾಲಿನ ಹತ್ತಿರ ಮೊಣಕಾಲೂರಿ ಕೂತಿದ್ದರು.

"ನಾಲ್ಕು ಸಲ ಬಡಿದೆ," ಎಂದರು.

"ಬಡಿದ್ರಾ?"

ನನಗೆ ನಿಜವಾಗಿ ಗೊತ್ತಾಗಿರಲಿಲ್ಲ. ಕಿವಿಯ ಆಸರೆ ತೆಗೆದ ಮೇಲೆ ಎಷ್ಟು ಖಾಲಿ ಎಂದು ನನಗೇ ಮೊದಲ ಸಲ ತಿಳಿದದ್ದು. ಭಯವಾಯಿತು. ಅವರೇ ಬಗ್ಗಿ ಎಡಗಾಲಿನ ಸಾಕ್ಸ್ ಎಳೆದರು. ಅದು ಸುಲಭವಾಗಿ ಬರಲಿಲ್ಲ. ಬಂದ ಮೇಲೆ ಹೆಲ್ಸಿಂಕಿಯವರಲ್ಲೊಬ್ಬರು ಕಿಟಕಿ ತೆರೆದರು.

"ಇದು ಹೇಗಾಯ್ತು?"

ಬೂಟು ಕಚ್ಚಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಮಾಡ್ಕೊಂಡೆ," ಎಂದೆ. "ಎರಡು ಸಲ. ಸೌನಾ ಒಲೆಯ ಹತ್ರ. ಬೇಕಂತಲೇ."

ಡಾಕ್ಟರು ಬೈಯಬೇಕಿತ್ತು. ನಾನು ಬೈಗುಳಕ್ಕೆ ಭುಜ ಕೊಟ್ಟು ಕೂತಿದ್ದೆ. ಅವರು ಕವೆಯನ್ನು ಜೇಬಿಗಿಟ್ಟುಕೊಂಡು, "ನಿಮ್ಮ ಹೆಸರೇನು?" ಎಂದು ಕೇಳಿದರು. ಆರು ತಿಂಗಳಲ್ಲಿ ಮೊದಲ ಸಲ. ಹೇಳಿದೆ. "ಔಲಿಸ್, ಇವತ್ತು ಇವ್ರ ಮುಂದೆ ಮಾಡ್ಬೇಕಿದ್ದ ನನ್ನ ಇಡೀ ಭಾಷಣ ನಿಮ್ಮ ಹೆಬ್ಬೆರಳ ಮೇಲೆ ನಿಂತಿತ್ತು," ಎಂದರು. ಪಾಪ, ನಗಲು ಪ್ರಯತ್ನಪಟ್ಟರು.

ಸಂಜೆ ಹಿಲ್ಕಾ ಮಂಚದ ಹತ್ತಿರ ಬಂದಳು. ಆ ದಿನ ಬಾಗಿಲು ತಪ್ಪಿ ಬಂದವನು ನಾನು, ಕ್ಷಮಿಸಿ ಎಂದೆ.

"ನನ್ನ ಪಟ್ಟಿಯಲ್ಲಿ ಹದಿನಾಲ್ಕು ಅಂದ್ರೆ ಇಪ್ಪತ್ತೆರಡು ವರ್ಷದ ಹುಡ್ಗಿ," ಎಂದಳು. "ನೀವು ಬೂಟು ಬಿಚ್ಚೋವಾಗ್ಲೇ ಗೊತ್ತಾಯ್ತು. ಆ ಕಾಗದ ಅವತ್ತೇ ಹರಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎದ್ದು ಹೋಗ್ತೀರಾ ಅಂತ ನೋಡ್ದೆ. ಬಾಗಿಲು ತಪ್ಪಿದೋರು ಯಾರೂ ನಲವತ್ತು ನಿಮಿಷ ಕೂರಲ್ಲ, ಔಲಿಸ್. ನಿಮ್ಮ ಹೆಸ್ರೇ ಕೇಳಿರ್ಲಿಲ್ವಲ್ಲ ಅಂತ ಮೂರು ವಾರ ನನ್ನನ್ನ ನಾನೇ ಬೈಕೊಂಡಿದ್ದೀನಿ."

ಫೆಬ್ರವರಿ ೨೫

ಎಡಗಾಲಿನ ಕೊನೆಯ ಎರಡು ಬೆರಳು ಹೋದವು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ಎಂದರು.

ಆಸ್ಪತ್ರೆ ಸೇರಿದ ದಿನ ಟೆಲ್ಲೆರ್ವೊಗೆ ನಾನೇ ಹೇಳಿದೆ. ಅಕ್ಟೋಬರಿನ ತಂತಿಗಳಿಂದ ಹಿಡಿದು ಒಲೆಯವರೆಗೆ ಎಲ್ಲವನ್ನೂ. ಅವಳು ಕೋಟು ಕೂಡ ಬಿಚ್ಚದೆ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು.

"ನಾನು ಒಳಗಿದ್ದಿದ್ರೆ ಮಾಡ್ಕೊಳ್ತಿದ್ದೆಯಾ?"

"ಇಲ್ಲ."

"ಅದಕ್ಕೇ ಹೊರಗೆ ನಿಲ್ಸಿದ್ದು."

ಆಮೇಲೆ ಅತ್ತಳು. ನಾನೂ ಅತ್ತೆ. ಪಕ್ಕದ ಮಂಚದವನು ಮರ್ಯಾದೆಯಿಂದ ಗೋಡೆ ಕಡೆ ಹೊರಳಿ ಮಲಗಿದ. ಹೋಗುವಾಗ ಟೆಲ್ಲೆರ್ವೊ ಬಾಗಿಲಲ್ಲಿ ನಿಂತು, "ಇಲಿ ಅಂತೆ ಇಲಿ" ಎಂದಳು.

ಮಾರ್ಚ್ ೧೪, ಶನಿವಾರ

ಮನೆಗೆ ಬಂದು ಐದು ದಿನವಾಯಿತು. ಗುರುವಾರಗಳಂದು ಹಿಲ್ಕಾಳ ಹತ್ತಿರ ಹೋಗಬೇಕು, ಈ ಗುರುವಾರ ಹೋಗಿದ್ದೆ, ಸರಿಯಾದ ಬಾಗಿಲಿಗೆ. ಡಾಕ್ಟರ್ ನೂರ್ಮಿಯೊ ಸಂಶೋಧನೆಯ ಲೆಕ್ಕದಿಂದ ನನ್ನನ್ನು ತೆಗೆದುಹಾಕಿದ್ದಾರೆ. ಇನ್ನು ಮುಂದೆ ಎಲ್ಲರ ಕಿವಿ ಮುಚ್ಚಿಯೇ ಪರೀಕ್ಷೆಯಂತೆ. ಅಷ್ಟಾದರೂ ವಿಜ್ಞಾನಕ್ಕೆ ನನ್ನಿಂದ ಸಂದಿತು.

ಹೆಡ್‌ಫೋನನ್ನು ಪೆಟ್ಟಿಗೆಯಲ್ಲಿ ಹಾಕಿ ಹಿಲ್ಕಾಳ ಕೈಯಲ್ಲಿ ವಿಲ್ಯಾಗೆ ಕಳಿಸಿದ್ದೆ. ಇವತ್ತು ಪೋಸ್ಟ್‌ಕಾರ್ಡು ಬಂತು. 'ಹದಿನೇಳು ವಾರ. ಕಳ್ಳನಿಗೆ ನಮಸ್ಕಾರ' ಎಂದಷ್ಟೇ ಬರೆದಿದ್ದಾಳೆ. ನನ್ನದು ಏಳು.

ಸೌನಾ ನನಗಿನ್ನೂ ನಿಷೇಧ. ಆದರೆ ಆರು ಗಂಟೆಗೆ ಸರಿಯಾಗಿ ಟೆಲ್ಲೆರ್ವೊ ಅಡುಗೆಮನೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿ, "ನಮ್ಮ ಟೈಮು ಬೇರೆಯವ್ರಿಗೆ ಬಿಟ್ಕೊಡಲ್ಲ" ಎಂದಳು. ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕೈಗನ್ನಡಿ ಹಿಡಿದು, ಕನ್ನಡಕ ಮೂಗಿಗಿಳಿಸಿ ನೋಡಿದಳು.

"ಹಳೇ ಗಂಡನ ಪಾದವೇ ಗತಿ ಅಂತ ಸುಮ್ನೆ ಹೇಳ್ತಾರಾ? ಊರೆಲ್ಲಾ ಬಿಟ್ಟು ಇದೇ ಗತಿಯಾಯ್ತು ನಂಗೆ. ಕಣ್ಣು ಮುಚ್ಚು."

ಆಸ್ಪತ್ರೆಯವರು ಕೊಟ್ಟ ನೂಲು ಅವಳ ಕೈಯಲ್ಲಿತ್ತು. ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಾಯಿತು.

"ಈಗ ಮುಟ್ದೆ," ಎಂದೆ.

"ಇನ್ನೂ ಮುಟ್ಟೇ ಇಲ್ಲ, ಕಳ್ಳ ನನ್ಮಗನೆ."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೂ ನಾನು ಕಣ್ಣು ತೆರೆಯಲಿಲ್ಲ. ಮನೆ ನಿಶ್ಶಬ್ದವಾಗಿತ್ತು. ನೂಲಿಗೆ ಶ್ರುತಿಯಿಲ್ಲ, ಕೇಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

"ಈಗ ಗೊತ್ತಾಗ್ತಾ?" ಎಂದಳು.

"ಇಲ್ಲ," ಎಂದೆ.

"ನೂಲು ಆಗ್ಲೇ ಕೆಳಗಿಟ್ಟೆ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೀನಿ."

ಕಣ್ಣು ತೆರೆದು ನೋಡಿದೆ. ಹಿಡಿದುಕೊಂಡೇ ಇದ್ದಳು. ಏಳು ಗಂಟೆಯವರೆಗೂ ಹಾಗೆಯೇ ಕೂತಿದ್ದೆವು.